ಹಲ್ಲಿನ ಲ್ಯಾಬಿನಲ್ಲಿ ತಣಿಯುವ ದಿನ

ಮೂವತ್ತಾರಕ್ಕೇ ನಿವೃತ್ತನಾದವನು ನಾನು. ಪೆನ್ಶನ್ ಇಲ್ಲ, ಶಾಲು ಹೊದೆಸಿದವರಿಲ್ಲ, ನಾಲ್ಕು ಒಳ್ಳೆ ಮಾತಾಡಿ ಗೋಡೆ ಗಡಿಯಾರ ಕೊಟ್ಟವರೂ ಇಲ್ಲ. ನನ್ನ ರಾಜೀನಾಮೆ ಬರೆದದ್ದು ನನ್ನ ಚರ್ಮ. ಹಲ್ಲಿನ ಸೆಟ್ ಮಾಡುವ ಪುಡಿಗೆ ಕಲಸುವ ಒಂದು ದ್ರವ ಉಂಟು, ಮೂಗಿಗೆ ಹೊಡೆಯುವ ವಾಸನೆಯದ್ದು. ವರ್ಷಗಟ್ಟಲೆ ಅದರಲ್ಲಿ ಕೈಯಾಡಿಸಿದ ಮೇಲೆ ಬೆರಳ ತುದಿಗಳು ಹಳೇ ಚಾಳಿನ ಸುಣ್ಣದ ಹಾಗೆ ಉದುರಲು ಶುರುವಾದವು. ಚರ್ಮದ ಡಾಕ್ಟರು ಕೆಲಸ ಬೇಕೋ ಕೈ ಬೇಕೋ ಎಂದು ಕೇಳಿದರು. ಊಟ ಮಾಡುವವನಾದ್ದರಿಂದ ಕೈ ಇಟ್ಟುಕೊಂಡೆ.

ಈಗ ಇದೇ ಕಸುಬಿಗೆ ಸೇರಿದ ಡೊಂಬಿವಲಿಯ ಕೆಲವು ಹುಡುಗರು ಸಿಕ್ಕಾಗಲೆಲ್ಲ, ಅಂಕಲ್ ಕುಛ್ ಬತಾವೋ ನಾ, ಏನಾದರೂ ಹೇಳಿಕೊಡಿ, ಅನ್ನುತ್ತಾರೆ. ಅಂಕಲ್ ಅಂದದ್ದಕ್ಕೆ ಸಿಟ್ಟು ಬಂದು ಒಂದು ವಾರ ಅವರಿಗೆ ಉತ್ತರ ಕೊಡಲಿಲ್ಲ. ಆಮೇಲೆ ಯೋಚಿಸಿದೆ. ಇವರು ಕಂಪ್ಯೂಟರಿನಲ್ಲಿ ಹಲ್ಲು ಬಿಡಿಸುತ್ತಾರೆ, ಯಂತ್ರ ಅದನ್ನು ಕಡೆದುಕೊಡುತ್ತದೆ. ನನ್ನ ಕೈಕಸುಬು ಇವರಿಗೆ ಬೇಡ. ಆದರೆ ಯಂತ್ರ ಎಷ್ಟೇ ಬೇಗ ಕಡೆಯಲಿ, ಯಾವ ದಿನ ಬೇಕು ಎಂದು ಹೇಳುವವನು ಮನುಷ್ಯ, ಕಾಯುವವನೂ ಮನುಷ್ಯ. ಆ ತಾರೀಖಿನ ವಿಷಯ ಮಾತ್ರ ನಾನು ಹೇಳಬಲ್ಲೆ. ಹೇಳುವಾಗ ಸ್ವಲ್ಪ ಹೆದರಿಸಿದರೆ ನನ್ನನ್ನು ಬೈಯಬೇಡಿ, ನಾನೂ ಹೆದರಿದವನೇ.

ನಮ್ಮ ಲ್ಯಾಬ್ ಠಾಕುರ್ಲಿಯಲ್ಲಿ, ಹಳಿಯ ಪಕ್ಕದ ಹಳೇ ಬಿಲ್ಡಿಂಗಿನ ಕೆಳಗಿನ ಮಹಡಿಯಲ್ಲಿ ಇತ್ತು. ಲ್ಯಾಬ್ ಅಂದರೆ ಬಿಳಿ ಕೋಟು, ಗಾಜಿನ ಪಾತ್ರೆ ಎಂದು ಊಹಿಸಬೇಡಿ. ಎರಡು ಖೋಲಿ, ನಡುವೆ ಒಂದು ಪರದೆ. ಎದುರಿನದ್ದರಲ್ಲಿ ಒಂದು ಬೆಂಚು, ದೇವರ ಪಟ, ಮತ್ತು ಮಾಲೀಕರಾದ ವಾಸಣ್ಣ. ಉಡುಪಿ ಕಡೆಯವರು, ಮಾತು ಕಡಿಮೆ, ಫೋನು ಬಂದರೆ ಸುಳ್ಳು ಜಾಸ್ತಿ. ಹಿಂದಿನ ಖೋಲಿಯಲ್ಲಿ ಪ್ಲಾಸ್ಟರಿನ ಧೂಳು, ಧೂಳಿನೊಳಗೆ ಕಲಬುರಗಿಯ ಸಿದ್ದಪ್ಪ, ಅವನ ಪಕ್ಕದಲ್ಲಿ ನಾನು.

ಕೆಲಸ ಹೀಗೆ. ಡಾಕ್ಟರರು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ. ಸಿದ್ದಪ್ಪ ಅದಕ್ಕೆ ಪ್ಲಾಸ್ಟರ್ ಹೊಯ್ದು ದವಡೆಯ ಅಚ್ಚು ಮಾಡುತ್ತಾನೆ. ಮೇಲಿನ ಅಚ್ಚನ್ನೂ ಕೆಳಗಿನ ಅಚ್ಚನ್ನೂ ಒಂದು ಕಬ್ಬಿಣದ ಕೀಲಿಗೆ ಜೋಡಿಸಿದರೆ ಬಾಯಿಯ ಹಾಗೆ ತೆರೆದು ಮುಚ್ಚುತ್ತದೆ. ಅದರ ಮೇಲೆ ಮೇಣ, ಮೇಣದಲ್ಲಿ ಹಲ್ಲು. ರೋಗಿ ಅದನ್ನು ಬಾಯಿಗಿಟ್ಟು ನೋಡಿ ಸರಿ ಅಂದ ಮೇಲೆ ಮೇಣ ಹೋಗಿ ಆ ಜಾಗಕ್ಕೆ ಅಕ್ರಿಲಿಕ್ ಹಿಟ್ಟು ಬರುತ್ತದೆ. ಹಿತ್ತಾಳೆ ಡಬ್ಬಿಯಲ್ಲಿ ಒತ್ತಿ, ನೀರಿನಲ್ಲಿ ನಿಧಾನ ಬೇಯಿಸಿ, ತಣಿಸಿ ತೆಗೆಯುವುದು. ಇಡ್ಲಿ ಮಾಡಿದ ಹಾಗೆಯೇ, ಈ ಇಡ್ಲಿ ತಿರುಗಿ ಕಚ್ಚುತ್ತದೆ ಅಷ್ಟೇ.

ವಾಸಣ್ಣ ಹಳೇ ಅಚ್ಚುಗಳನ್ನು ಎಸೆಯುತ್ತಿರಲಿಲ್ಲ. ಮೂರು ಗೋಡೆಗೆ ಹಲಗೆ ಹೊಡೆಸಿ ಸಾಲಾಗಿ ಇಟ್ಟಿದ್ದರು. ಬುಡದಲ್ಲಿ ಪೆನ್ಸಿಲಿನಲ್ಲಿ ಹೆಸರು, ಮೇಲೆ ತೆರೆದ ಬಾಯಿ. ಫಾಸ್ಟ್ ಲೋಕಲ್ ಹೋದಾಗ ನೆಲ ಅದುರಿ ಕೀಲಿನಲ್ಲಿದ್ದ ದವಡೆಗಳೆಲ್ಲ ಒಟ್ಟಿಗೆ ಕಟಕಟ ಎನ್ನುತ್ತಿದ್ದವು. ಗಾಡಿ ಹೋದ ಮೇಲೂ ಒಂದೆರಡು ನಿಲ್ಲುತ್ತಿರಲಿಲ್ಲ, ಮಾತು ಮುಗಿಯದವರ ಹಾಗೆ. ಮೊದಲ ದಿನ ಮಟಮಟ ಮಧ್ಯಾಹ್ನವೇ ನಾನು ಕೈಯಲ್ಲಿದ್ದ ಡಬ್ಬಿ ಬಿಟ್ಟು ಓಡಿದ್ದೆ. ಸಿದ್ದಪ್ಪ ತಲೆ ಎತ್ತಲಿಲ್ಲ.

"ಎಲ್ಲಿಗೆ ಓಡ್ತೀಯಲೇ ತಮ್ಮಾ? ಹೊರಗ ಇರೋವೂ ಇವೇ ಬಾಯಿ. ಮ್ಯಾಲೆ ಚರ್ಮ ಹಚ್ಯಾರ, ಅಷ್ಟ."

ಅವತ್ತು ಲೋಕಲಿನಲ್ಲಿ ಮನೆಗೆ ಹೋಗುವಾಗ ಎದುರು ಕೂತವರ ಮುಖ ನೋಡಲಿಕ್ಕಾಗಲಿಲ್ಲ.

ನನಗೆ ಚಿಕ್ಕಂದಿನಿಂದ ಇನ್ನೊಬ್ಬರ ದನಿ ತೆಗೆಯುವ ಚಟ. ಅಪ್ಪನ ಗಂಟಲಿನಲ್ಲಿ ಶಾಲೆಗೆ ಫೋನ್ ಮಾಡಿ ನನಗೆ ನಾನೇ ರಜೆ ಕೊಡಿಸಿಕೊಂಡವನು. ಮಾಸ್ಟರು ನನ್ನ ಮೇಲೆ ದೂರು ಹೇಳತೊಡಗಿದಾಗ ಅಪ್ಪನಾಗಿಯೇ, ಹೊಡೆಯಿರಿ ಸಾರ್, ಮುಲಾಜು ಬೇಡ, ಅಂದೆ. ಮರುದಿನ ಹೊಡೆದರು. ದನಿ ಅಷ್ಟು ಚೆನ್ನಾಗಿ ಬಂದಿತ್ತು.

ಲ್ಯಾಬಿನ ಹೆದರಿಕೆ ಬಿಡಿಸಿಕೊಳ್ಳಲು ನಾನು ಹೂಡಿದ ಉಪಾಯವೂ ಅದೇ. ಅಚ್ಚುಗಳಿಗೆ ದನಿ ಕೊಡುವುದು. ಅಂಗುಳ ಆಳವಿದ್ದರೆ ಕೊಡಪಾನದೊಳಗಿನ ದನಿ, ಮುಂದಿನ ಹಲ್ಲು ಉಬ್ಬಿದ್ದರೆ ಎಂಜಲು ಹಾರುವ ದನಿ. ಕೀಲು ಹಿಡಿದು ತೆರೆದು ಮುಚ್ಚುತ್ತ ಅವುಗಳ ಕೈಯಲ್ಲಿ ನಾನು ಮಾಲೀಕರನ್ನು ಬೈಸುತ್ತಿದ್ದೆ. ನನ್ನ ಅಚ್ಚುಮೆಚ್ಚಿನ ಬಾಯಿ ಒಂದಿತ್ತು. ಬುಡದಲ್ಲಿ ಸೀತಾರಾಮ ರಾವ್ ಎಂದು ಬರೆದಿತ್ತು. ನಾನು ಸೇರುವ ಮೊದಲೇ, ಕೆಳಗಿನ ಎರಡು ಹಲ್ಲು ಕಟ್ಟಿಸಿಕೊಳ್ಳಲು ಬಂದಿದ್ದವರು. ಮೇಲಿನ ಎದುರು ಹಲ್ಲುಗಳ ನಡುವೆ ಅಕ್ಕಿಕಾಳು ನಿಲ್ಲುವಷ್ಟು ಸಂದು. ಆ ಮನುಷ್ಯನನ್ನು ನಾನು ನೋಡಿದ್ದಿಲ್ಲ, ಕೇಳಿದ್ದಿಲ್ಲ. ಹೆಸರು ನೋಡಿ, ಸಂದು ನೋಡಿ, ಕರಾವಳಿಯ ಒಬ್ಬ ನಿಧಾನಸ್ಥ ಯಜಮಾನರ ದನಿ ಕಟ್ಟಿದೆ. ಪ್ರತಿ ಮಾತಿಗೆ ಮೊದಲು ಒಂದು ಸಣ್ಣ ಒಣ ಕೆಮ್ಮು ಸೇರಿಸಿದೆ. ಯಾಕೆ ಸೇರಿಸಿದೆ ಎಂದು ಕೇಳಿದರೆ ಗೊತ್ತಿಲ್ಲ. ಆ ಬಾಯಿಗೆ ಅದು ಬೇಕು ಅನ್ನಿಸಿತು.

ಸಿದ್ದಪ್ಪನಿಗೆ ಇದು ಹಿಡಿಸುತ್ತಿರಲಿಲ್ಲ. ಅದರಾಗ ಅರ್ಧ ಮಂದಿ ಸತ್ತಾರ, ಕರದ್ರ ಓ ಅಂತಾರ, ಅನ್ನುತ್ತಿದ್ದ. ನಾನು ಅವನ ದನಿಯಲ್ಲೇ ಓ ಅನ್ನುತ್ತಿದ್ದೆ.

ಇನ್ನು ತಾರೀಖಿಗೆ ಬರೋಣ. ಆ ಕಾಲದ ನಮ್ಮ ವ್ಯವಹಾರವೆಲ್ಲ ಸುಳ್ಳು ತಾರೀಖಿನ ಮೇಲೆ ನಿಂತಿತ್ತು. ಡಾಕ್ಟರರಿಗೆ ಶನಿವಾರ ಬೇಕಾದರೆ ಚೀಟಿಯಲ್ಲಿ ಗುರುವಾರ ಎಂದು ಬರೆಯುತ್ತಿದ್ದರು. ಅದು ಸುಳ್ಳು ಎಂದು ಗೊತ್ತಿದ್ದ ವಾಸಣ್ಣ ಶನಿವಾರವೇ ಕೊಡುತ್ತಿದ್ದರು. ಇವರು ತಡ ಮಾಡುತ್ತಾರೆ ಎಂದು ಡಾಕ್ಟರರು ಮಂಗಳವಾರ ಬರೆಯತೊಡಗಿದರು. ಹೀಗೆ ಹಿಂದೆ ಹಿಂದೆ ಹೋಗಿ, ಒಮ್ಮೆ ಕಲ್ಯಾಣಿನ ಒಬ್ಬ ಡಾಕ್ಟರು ಕಳೆದುಹೋದ ದಿನದ ತಾರೀಖನ್ನೇ ಬರೆದು ಕಳಿಸಿದರು. ಎಲ್ಲರೂ ಅರ್ಜೆಂಟ್ ಅಂದಾಗ ಯಾರೂ ಅರ್ಜೆಂಟ್ ಅಲ್ಲ. ಜೋರಾಗಿ ಕಿರುಚಿದವನ ಹಲ್ಲು ಮೊದಲು ಆಗುತ್ತಿತ್ತು, ಕಿರುಚಿದವನದ್ದೇ ಹಾಳೂ ಆಗುತ್ತಿತ್ತು.

ಹಾಗೆ ಹಾಳಾದ ಒಂದನ್ನು ನಾನು ಕಣ್ಣಾರೆ ಕಂಡೆ. ಊರ ಕಡೆಯ ಹೋಟೆಲಿನವರೊಬ್ಬರು ಕಲ್ಯಾಣಿನಲ್ಲಿ ಹೊಸ ಹೋಟೆಲ್ ತೆರೆಯುವವರಿದ್ದರು. ಉದ್ಘಾಟನೆಗೆ ಹೊಸ ಹಲ್ಲು ಬೇಕು. ಸೆಟ್ ಬೆಂದದ್ದೇನೋ ಬೆಂದಿತು, ತಣಿಯಲು ಹೊತ್ತಿರಲಿಲ್ಲ. ವಾಸಣ್ಣ ಕುದಿಯುವ ನೀರಿನಿಂದ ಡಬ್ಬಿ ಎತ್ತಿ ನೇರ ನಲ್ಲಿಯ ಕೆಳಗೆ ಹಿಡಿದರು. ಡಬ್ಬಿ ಚುಂಯ್ ಎಂದಿತು. ತೆಗೆದ ಸೆಟ್ ನೋಡಲಿಕ್ಕೆ ಬಲು ಚಂದ, ಒಳಗೆ ಕೂದಲೆಳೆಯಷ್ಟು ಸೊಟ್ಟ. ಉದ್ಘಾಟನೆಗೆ ನಮ್ಮನ್ನೂ ಕರೆದಿದ್ದರು. ಹೋಟೆಲಿನವರು ಎದ್ದು ನಿಂತು ಬಂದವರಿಗೆಲ್ಲ ಸ್ವಾಗತ ಅಂದರು, ಟಕ್. ನಿಮ್ಮ ಆಶೀರ್ವಾದ, ಟಕ್. ಮೈಕು ಅದನ್ನು ಇಡೀ ಹಾಲಿಗೆ ಹಂಚಿತು. ಜನ ಮೊದಲು ಮೈಕು ನೋಡಿದರು, ಆಮೇಲೆ ಫ್ಯಾನು ನೋಡಿದರು. ಆಮೇಲೆ ಅವರ ಬಾಯಿ ನೋಡಿದರು. ಮಾತಿನ ನಡುವೆ ಬೇರೆ ಯಾರೋ ಒಳಗಿನಿಂದ ಬಾಗಿಲು ಬಡಿಯುವ ಹಾಗೆ ಕೇಳುತ್ತಿತ್ತು. ಅವರು ಮಾತು ನಿಲ್ಲಿಸಿ ಕೈಮುಗಿದು ಕೂತುಬಿಟ್ಟರು. ನಾನು ಅದನ್ನು ಎಷ್ಟೋ ವರ್ಷ ಅಣಕಿಸಿ ಜನರನ್ನು ನಗಿಸಿದ್ದೇನೆ. ವಾಸಣ್ಣ ಒಮ್ಮೆಯೂ ನಗಲಿಲ್ಲ.

ಮರುದಿನದಿಂದ ಲ್ಯಾಬಿಗೆ ಒಂದು ಹೊಸ ಪದ್ಧತಿ ಬಂತು. ಹಲ್ಲು ಬಾಯಿಗೆ ಹೋಗುವ ದಿನದಿಂದ ಹಿಂದಕ್ಕೆ ಎಣಿಸುವುದು, ಮತ್ತು ಮೊದಲು ತೆಗೆದಿಡಬೇಕಾದದ್ದು ತಣಿಯುವ ದಿನ. ಉಳಿದ ಕೆಲಸವನ್ನು ಉಳಿದ ದಿನಗಳಲ್ಲಿ ಹಂಚಿಕೊಳ್ಳಬೇಕು. ಆಗಲಿಕ್ಕಿಲ್ಲ ಎಂದಾದರೆ ಮೊದಲ ದಿನವೇ ಹೇಳಬೇಕು, ಕೊನೆಯ ದಿನ ಅಲ್ಲ. ಬೆಂದ ಡಬ್ಬಿಯನ್ನು ನೀರಿನೊಳಗೇ ಬಿಟ್ಟು, ಪಾತ್ರೆಗೆ ಬಟ್ಟೆ ಮುಚ್ಚಿ, ಮೂಲೆಯ ಕಪಾಟಿನಲ್ಲಿಟ್ಟು ಬಾಗಿಲು ಹಾಕುತ್ತಿದ್ದರು. ಅದನ್ನು ತೆರೆಯುವ ಹಾಗಿಲ್ಲ, ಮುಟ್ಟಿ ನೋಡುವ ಹಾಗೂ ಇಲ್ಲ. ಏನೂ ಮಾಡದೆ ಇರುವುದೂ ಕೆಲಸದ ಒಂದು ಭಾಗ ಎಂದು ನಾನು ಕಲಿತದ್ದು ಆ ಕಪಾಟಿನ ಎದುರು ಕೂತು. ನನ್ನ ಜನ್ಮಕ್ಕೆ ಅದು ಕಷ್ಟದ ಪಾಠ. ಬಾಗಿಲ ಹಿಂದೆ ಪಾತ್ರೆ ತಣಿಯುವಾಗ ಹಿತ್ತಾಳೆ ಸಣ್ಣಗೆ ನರಳುತ್ತಿತ್ತು, ಯಾರೋ ಮಲಗಿದಲ್ಲಿ ಮಗ್ಗಲು ಬದಲಿಸಿದ ಹಾಗೆ.

ಇನ್ನೊಂದು ಪದ್ಧತಿ, ತಪ್ಪುಗಳೆಲ್ಲ ಮೇಣದಲ್ಲಿ ಇರುವಾಗಲೇ ಬರಬೇಕು ಎಂಬುದು. ಮೇಣದ ಹಂತಕ್ಕೆ ಹೊತ್ತು ಧಾರಾಳ ಕೊಡಿ, ರೋಗಿಯನ್ನು ಎರಡು ಸಲ ಕರೆಯಿರಿ, ಬೈಯಲಿ, ಅಳಲಿ. ಮೇಣದ ತಪ್ಪಿಗೆ ಒಂದು ಬಿಸಿ ಚಮಚ ಸಾಕು. ಅಕ್ರಿಲಿಕ್ ಆದ ಮೇಲಿನ ತಪ್ಪನ್ನು ಆ ಮನುಷ್ಯ ಬಾಯಲ್ಲಿಟ್ಟುಕೊಂಡು ಬದುಕಬೇಕು.

ಮೂರನೆಯದ್ದು ವಾಸಣ್ಣ ಕೇಳಲು ಶುರುಮಾಡಿದ ಒಂದು ಪ್ರಶ್ನೆ. "ತಾರೀಖು ಯಾರದ್ದು?" ಡಾಕ್ಟರರದ್ದೋ, ರೋಗಿಯದ್ದೋ, ರೋಗಿಯ ಸೊಸೆಯದ್ದೋ. ಇದನ್ನು ಅವರು ಕಲಿತದ್ದು ಕಲ್ಯಾಣಿನ ಒಂದು ಮನೆಯಲ್ಲಿ. ಅಲ್ಲಿಯ ಅಜ್ಜರೊಬ್ಬರ ಸೆಟ್ ತಯಾರಾಗಿತ್ತು, ಕೊಂಡೊಯ್ಯುವವರು ಬಂದಿರಲಿಲ್ಲ. ಒಂದು ಬೆಳಿಗ್ಗೆ ಮಗ ಫೋನ್ ಮಾಡಿದ. ಅಪ್ಪ ಹೋದರು, ಸೆಟ್ ತರಬಹುದಾ, ಈಗಲೇ. ನಾನೂ ವಾಸಣ್ಣನೂ ಹೋದೆವು. ಹಲ್ಲಿಲ್ಲದ ಅಜ್ಜರ ಮುಖ ಒಳಕ್ಕೆ ಕುಸಿದುಹೋಗಿತ್ತು. ಮೊಮ್ಮಗಳು, ಸಣ್ಣ ಹುಡುಗಿ, ಬಾಗಿಲ ಹಿಂದೆ ನಿಂತು ಹತ್ತಿರ ಬರಲು ಒಪ್ಪುತ್ತಿರಲಿಲ್ಲ. ವಾಸಣ್ಣ ಕೈತೊಳೆದು ಬಂದು ಸೆಟ್ ಕೂರಿಸಿದರು. ಕೆನ್ನೆ ತುಂಬಿತು, ತುಟಿ ಮುಚ್ಚಿತು. ಹುಡುಗಿ ಬಂದು ನೋಡಿ, "ಆತ್ತಾ ಆಜೋಬಾ ಆಲೇ" ಅಂದಳು. ಈಗ ಅಜ್ಜ ಬಂದರು ಅಂತ. ಹಿಂದಿರುಗುವಾಗ ಸ್ಟೇಷನ್ನಿನ ಹತ್ತಿರ ವಾಸಣ್ಣ, ಚೀಟಿಯಲ್ಲಿದ್ದದ್ದು ಡಾಕ್ಟರರ ತಾರೀಖು, ನಿಜವಾದದ್ದು ಅಜ್ಜರದ್ದು, ಅಂದರು. ನನಗೆ ಯಾರ ದನಿಯೂ ಬರಲಿಲ್ಲ.

ಇಷ್ಟೆಲ್ಲ ಹೇಳಿದ್ದು ಸೀತಾರಾಮ ರಾಯರ ವಿಷಯ ಹೇಳುವುದಕ್ಕೆ.

ಮಳೆಗಾಲದ ಒಂದು ಮಧ್ಯಾಹ್ನ. ಲೋಡ್ ಶೆಡ್ಡಿಂಗ್. ಹಿಂದಿನ ಖೋಲಿಯಲ್ಲಿ ಕತ್ತಲೆ, ಮಾಡಲು ಕೆಲಸವಿಲ್ಲ. ನಾನು ರಾಯರ ಅಚ್ಚು ಇಳಿಸಿಕೊಂಡು, ಕೆಮ್ಮಿ, ಪರದೆಯ ಈಚೆಯಿಂದಲೇ ಮಾಲೀಕರಿಗೆ ಕೇಳಿದೆ: ನೋಡು ವಾಸು, ಇವತ್ತು ಯಾರಿಗೆ ಯಾವ ಸುಳ್ಳು ತಾರೀಖು ಹೇಳಿದಿ? ಮಾಮೂಲಿಯಾಗಿ ವಾಸಣ್ಣ, ಬಾಯಿ ಮುಚ್ಚಿ ರಾಯರೇ, ಇಲ್ಲದಿದ್ದರೆ ಮೇಣ ತುಂಬಿಸ್ತೇನೆ, ಅನ್ನುತ್ತಿದ್ದರು. ಅವತ್ತು ಅದರ ಬದಲು ಬೆಂಚು ಕಿರ್ರೆಂದಿತು.

"ಅಪ್ಪಾ?" ಅಂದಿತು ಒಂದು ಹೆಣ್ಣು ದನಿ. "ಅಪ್ಪ ಒಳಗೆ ಬಂದಿದ್ದಾರಾ?"

ಪರದೆ ಸರಿಯಿತು. ಒದ್ದೆ ಕೊಡೆ ಹಿಡಿದ ಒಬ್ಬ ಹೆಂಗಸು ನನ್ನನ್ನು ನೋಡಿದಳು, ನನ್ನ ಕೈಯಲ್ಲಿದ್ದ ದವಡೆ ನೋಡಿದಳು, ಖೋಲಿಯ ಮೂಲೆ ಮೂಲೆ ನೋಡಿದಳು. ಸಿದ್ದಪ್ಪ ಎದ್ದು ಹೊರಗೆ ಹೋದ.

ಅವಳು ಸುಜಾತ, ರಾಯರ ಮಗಳು. ತಂದೆಯ ಹಲ್ಲಿನ ವಿಷಯಕ್ಕೇ ಬಂದಿದ್ದಳು. ವಾಸಣ್ಣ ನೀರು ಕೊಟ್ಟು ಕೂರಿಸಿದ ಮೇಲೆ ಕಥೆ ಹೇಳಿದಳು. ತಾಯಿ ವನಜಮ್ಮನಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿದೆ, ನೆನಪೂ ಅಲ್ಲಲ್ಲಿ ಹರಿದಿದೆ. ಗಂಡನನ್ನು ದನಿಯಿಂದ ಗುರುತಿಸುತ್ತಿದ್ದರು. ಹೋದ ತಿಂಗಳು ವಸಡು ಕೆಟ್ಟು ರಾಯರ ಹಲ್ಲೆಲ್ಲ ತೆಗೆಸಬೇಕಾಯಿತು. ಬೇರೆ ಯಾವುದೋ ಲ್ಯಾಬಿನಿಂದ ಅವಸರದಲ್ಲಿ ಸೆಟ್ ಮಾಡಿಸಿದರು. ಅದನ್ನು ಹಾಕಿಕೊಂಡು ರಾಯರು ಮಾತಾಡಿದರೆ ಪ್ರತಿ ಮಾತಿಗೂ ಶಿಳ್ಳೆ. ತೆಗೆದು ಮಾತಾಡಿದರೆ ಬರೀ ಗಾಳಿ. ಎರಡು ದನಿಯೂ ವನಜಮ್ಮನಿಗೆ ಅಪರಿಚಿತ.

"ಅಮ್ಮ ಅವರನ್ನು ಹತ್ತಿರ ಸೇರಿಸುವುದಿಲ್ಲ. ಮುಟ್ಟಿದರೆ ಕಿರುಚುತ್ತಾರೆ. ಇವರ ಅಂಗಿ ಹಾಕ್ಕೊಂಡು ಯಾರೋ ಬಂದಿದ್ದಾನೆ ಅಂತಾರೆ. ಊಟ ಬಿಟ್ಟಿದ್ದಾರೆ. ಆ ಗಂಡಸು ಮನೆಯಲ್ಲಿ ಇರುವ ತನಕ ಬೇಡವಂತೆ."

ಮಗಳ ರಜೆ ಮುಗಿಯುತ್ತ ಬಂದಿತ್ತು. ಭಾನುವಾರ ಬೆಳಿಗ್ಗೆಗೆ ಬಾಡಿಗೆ ಗಾಡಿ ಹೇಳಿಟ್ಟಿದ್ದಳು. ತಾಯಿಯನ್ನು ಸಾನಪಾಡಾದ ತನ್ನ ಮನೆಗೆ ಕರೆದೊಯ್ಯುವುದು, ತಂದೆ ಡೊಂಬಿವಲಿಯಲ್ಲೇ ಉಳಿಯುವುದು. ಇಷ್ಟು ವರ್ಷ ಒಟ್ಟಿಗೆ ಬಾಳಿದವರನ್ನು ತಾನೇ ಬೇರೆ ಮಾಡಬೇಕು ಎಂದು ಹೇಳುವಾಗ ಅವಳು ಕೊಡೆಯ ಬಟ್ಟೆಯನ್ನು ಸುತ್ತುತ್ತ ಬಿಚ್ಚುತ್ತ ಇದ್ದಳು.

ವಾಸಣ್ಣ ಕೇಳಿದರು, ತಾರೀಖು ಯಾರದ್ದು?

"ನನ್ನದೇ" ಅಂದಳು. "ಸುಳ್ಳಲ್ಲ."

ವಾಸಣ್ಣ ಬೆರಳು ಮಡಚಿ ಹಿಂದಕ್ಕೆ ಎಣಿಸಿದರು. ಸಾಲುತ್ತಿರಲಿಲ್ಲ. ಆಮೇಲೆ ಅವರು ಮಾಡಿದ್ದನ್ನು ನೀವು ಹುಡುಗರು ನೆನಪಿಡಬೇಕು. ಮೇಜಿನ ಮೇಲಿದ್ದ ಅಷ್ಟೂ ಅರ್ಜೆಂಟ್ ಕೆಲಸದ ಡಾಕ್ಟರರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದರು. ಜಗಳವಿಲ್ಲ, ನೆಪವಿಲ್ಲ. ನನಗೆ ಒಂದು ನಿಜವಾದ ತಾರೀಖು ಬಂದಿದೆ, ನಿಮ್ಮದು ನಿಜವಾಗಿ ಯಾವತ್ತು ಬೇಕು ಹೇಳಿ, ಅಷ್ಟೇ. ಡಾಕ್ಟರರು, ಮುಂದಿನ ವಾರ ಆದೀತು ಅಂದರು. ಎಲ್ಲರೂ. ಸಂಜೆಯ ಹೊತ್ತಿಗೆ ಮೇಜು ಖಾಲಿ. ಇಷ್ಟು ವರ್ಷ ನಾವು ಯಾವ ದೆವ್ವಕ್ಕೆ ಹೆದರಿ ಓಡುತ್ತಿದ್ದೆವು ಎಂದು ನನಗೆ ಅರ್ಥವಾಗಲಿಲ್ಲ.

ಡಾಕ್ಟರರಲ್ಲಿ ಹೊಸ ಅಳತೆ ಕೊಟ್ಟು, ಮೇಣದ ಟ್ರಯಲಿಗೆ ರಾಯರು ಬಂದರು. ತೆಳ್ಳಗಿನ ಮನುಷ್ಯ, ಇಸ್ತ್ರಿ ಅಂಗಿ, ಬಾಯಿಯ ಮೇಲೆ ಕರವಸ್ತ್ರ. ವಾಸಣ್ಣ ಹಳೇ ಅಚ್ಚನ್ನೂ ಅವಸರದ ಸೆಟ್ಟನ್ನೂ ಪಕ್ಕ ಪಕ್ಕ ಇಟ್ಟು ನೋಡಿದರು. ಹೊಸದರಲ್ಲಿ ಹಲ್ಲುಗಳು ಒಂದಕ್ಕೊಂದು ತಾಗಿ ಸಾಲಾಗಿ ನಿಂತಿದ್ದವು, ಸಂದು ಇರಲಿಲ್ಲ. "ಚಂದ ಮಾಡ್ಲಿಕ್ಕೆ ಹೋಗಿ ಮನುಷ್ಯನನ್ನೇ ತೆಗೆದುಬಿಟ್ಟಿದ್ದಾರೆ ಮಾರಾಯ" ಅಂದರು.

ನನ್ನನ್ನು ಎದುರು ಕೂರಿಸಿದರು. ನಾನು ಹಳೇ ದನಿಯಲ್ಲಿ ಒಂದು ಮಾತು ಹೇಳುವುದು, ರಾಯರು ಮೇಣದ ಹಲ್ಲಿನಲ್ಲಿ ಅದನ್ನೇ ಹೇಳುವುದು, ಸುಜಾತ ಕಣ್ಣುಮುಚ್ಚಿ ಕೇಳುವುದು. ಹಿರಿಯರ ಎದುರು ಅಣಕವಾದೀತೆಂದು ಕೆಮ್ಮನ್ನು ಮಾತ್ರ ಕೈಬಿಟ್ಟೆ. ಮೊದಲ ಸಲ ನನ್ನ ಬಾಯಿಂದ ತಮ್ಮ ದನಿ ಕೇಳಿದಾಗ ರಾಯರು ತಿರುಗಿ ತಮ್ಮ ಬೆನ್ನ ಹಿಂದೆ ನೋಡಿದರು. ಆಮೇಲೆ ಇನ್ನೊಮ್ಮೆ ಹೇಳು ಎಂದು ಕೈಸನ್ನೆ ಮಾಡಿದರು. ಇಡೀ ದಿನ ಹಲ್ಲು ಮುಂದೆ ಹೋಯಿತು, ಹಿಂದೆ ಬಂತು, ಸಂದು ಅಗಲವಾಯಿತು, ಕಿರಿದಾಯಿತು. ವಾಸಣ್ಣ ಅವಸರ ಮಾಡಲಿಲ್ಲ. ಕೊನೆಗೆ ರಾಯರು ಏನೋ ಅಂದರು, ಸುಜಾತ ಕಣ್ಣು ತೆರೆದು ನನ್ನನ್ನು ನೋಡಿದಳು. ನಾನು ಬಾಯಿ ತೆರೆದಿರಲಿಲ್ಲ.

ಶನಿವಾರ ಬೇಯಲು ಇಟ್ಟೆವು. ಅರ್ಧಕ್ಕೆ ಕರೆಂಟು ಹೋಯಿತು, ತುಂಬ ಹೊತ್ತು ಬರಲಿಲ್ಲ. ಬೆಂದು ಮುಗಿಯುವಾಗ ಸಂಜೆಯಾಗಿತ್ತು. ತಣಿದು, ತಿದ್ದಿ, ಪಾಲಿಶ್ ಆಗಿ ಸಿಗುವುದು ಭಾನುವಾರ ಸಂಜೆಗೆ. ಗಾಡಿ ಬೆಳಿಗ್ಗೆ. ಸುಜಾತ ಫೋನಿನಲ್ಲಿ, ಈಗಲೇ ತೆಗೆದರೆ ಆಗುವುದಿಲ್ಲವಾ ಎಂದು ಕೇಳಿದಳು. ವಾಸಣ್ಣ ನಲ್ಲಿಯನ್ನು ನೋಡಿದರು. ನಾನೂ ನೋಡಿದೆ. ಸೊಟ್ಟಾದರೆ ವನಜಮ್ಮನಿಗೆ ಮೂರನೇ ಅಪರಿಚಿತನೊಬ್ಬ ಸಿಗುತ್ತಿದ್ದ, ಆಮೇಲೆ ನಾಲ್ಕನೆಯವನನ್ನು ಅವರು ನಂಬುವುದೇ ಇಲ್ಲ.

"ತಣಿಯುವ ದಿನ ಮುಟ್ಲಿಕ್ಕಿಲ್ಲಮ್ಮಾ. ಗಾಡಿಯನ್ನು ಸಂಜೆಗೆ ಮಾಡ್ಲಿಕ್ಕೆ ಆಗ್ತದಾ ನೋಡಿ" ಅಂದರು.

ಅಮ್ಮ ಶುಕ್ರವಾರದಿಂದ ಗಂಜಿಯನ್ನೂ ಮುಟ್ಟಿಲ್ಲ, ಅವರು ತುತ್ತು ತಿಂದು ಸಮಾಧಾನದಲ್ಲಿ ಇದ್ದರೆ ಸಂಜೆ ತನಕ ಕಾಯುತ್ತೇನೆ, ಅಂದಳು ಮಗಳು. ಆಮೇಲೆ ಕೇಳಿದಳು, ಅಪ್ಪನ ದನಿ ತೆಗೆಯುವ ಆ ಹುಡುಗನನ್ನು ಕಳಿಸುತ್ತೀರಾ?

ಹೀಗೆ ಭಾನುವಾರ ಬೆಳಿಗ್ಗೆ ನಾನು ಡೊಂಬಿವಲಿಯ ಆ ಮನೆಗೆ ಹೋದೆ. ದಾರಿಯುದ್ದಕ್ಕೂ ನನ್ನನ್ನು ನಾನೇ ಗೇಲಿ ಮಾಡಿಕೊಂಡೆ. ಬಂದ ನೋಡಿ ಮದುಮಗ, ಹಲ್ಲಿನ ಲ್ಯಾಬಿನ ಅಳಿಯ, ಎಂದೆಲ್ಲ. ರಾಯರು ಬಾಗಿಲು ತೆರೆದರು. ಹಲ್ಲಿಲ್ಲದ ಬಾಯಿಯನ್ನು ನನ್ನ ಕಿವಿಗೆ ತಂದು, ಗ್ಯಾಸ್ ಬಂದ್ ಮಾಡಿದ್ದೀರಾ ಎಂದು ಅವಳು ಕೇಳುತ್ತಾಳೆ, ಎರಡು ಸಲ ನೋಡಿದೆ ಅನ್ನು, ಎಂದು ಹೇಳಿಕೊಟ್ಟರು. ಆಮೇಲೆ ಒಳಗೆ ಹೋಗಿ ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂತು ತುಟಿ ಬಿಗಿಹಿಡಿದರು.

ವನಜಮ್ಮ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ನಾನು ಪಕ್ಕದ ಸ್ಟೂಲಿನಲ್ಲಿ ಕೂತೆ. ಮಾತಾಡಲು ಬಾಯಿ ತೆರೆದರೆ ಮೊದಲು ಬಂದದ್ದು ಕೆಮ್ಮು. ನಾನು ಕರೆಯದೆ ಬಂತು.

ವನಜಮ್ಮ ನನ್ನ ಕಡೆ ಮುಖ ತಿರುಗಿಸಿದರು. "ಬಂದ್ರಾ? ಮತ್ತೆ ನಶ್ಯ ಶುರು ಮಾಡಿದ್ರಾ?"

ನಾನು ರಾಯರನ್ನು ನೋಡಿದೆ. ಅವರ ಮುಖ ಪ್ಲಾಸ್ಟರಿನ ಬಣ್ಣಕ್ಕೆ ತಿರುಗಿತ್ತು. ನಶ್ಯ ಅವರು ಎಂದೋ ಬಿಟ್ಟಿದ್ದರಂತೆ, ಆ ಎರಡು ಹಲ್ಲು ಕಟ್ಟಿಸಿಕೊಂಡ ಕಾಲದಲ್ಲಿ. ಆ ಕೆಮ್ಮು ಅಲ್ಲಿಗೆ ನಿಂತಿತ್ತಂತೆ. ಇದನ್ನು ಮಗಳು ನನಗೆ ಆಮೇಲೆ ಅಡುಗೆಮನೆಯಲ್ಲಿ ಹೇಳಿದಳು. ಹೇಳುವಾಗ ನನ್ನಿಂದ ಒಂದು ಹೆಜ್ಜೆ ದೂರ ನಿಂತಿದ್ದಳು.

"ಇಲ್ಲ ಮಾರಾಯ್ತಿ. ಮಳೆಗೆ ಗಂಟಲು ಕಟ್ಟಿದ್ದು" ಅಂದೆ ನಾನು. ಅಥವಾ ಆ ದನಿ ಅಂದಿತು.

ಗ್ಯಾಸಿನ ವಿಷಯ ಕೇಳಿದರು, ಎರಡು ಸಲ ನೋಡಿದೆ ಅಂದೆ. ಅವರ ಭುಜ ಇಳಿಯಿತು. ಮಗಳು ಗಂಜಿ ತಂದಳು. ನಾನು ಚಮಚ ಹಿಡಿದೆ, ವನಜಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡು ಪೂರ್ತಿ ಕುಡಿದರು. ಬಾಯಿ ಒರೆಸಿದ ಮೇಲೂ ಕೈ ಬಿಡಲಿಲ್ಲ. ಹತ್ತಿರಕ್ಕೆ ಎಳೆದುಕೊಂಡು ದನಿ ತಗ್ಗಿಸಿದರು.

"ಮನೆಯೊಳಗೆ ಒಬ್ಬ ಇದ್ದಾನೆ, ಗೊತ್ತುಂಟಾ? ನಿಮ್ಮ ಅಂಗಿ ಹಾಕ್ಕೊಂಡು. ಈಗಲೂ ಇದ್ದಾನೆ, ಆ ಕಿಟಕಿ ಹತ್ರ. ಉಸಿರು ಕೇಳ್ತದೆ." ಕಿಟಕಿಯ ಕಡೆ ಕಿವಿಗೊಟ್ಟು ಹೇಳಿದರು, "ಏನೂ ಮಾಡುವುದಿಲ್ಲ ಪಾಪ. ಕೆಲವು ಸಲ ಅಳ್ತಾನೆ."

ರಾಯರು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದಿದ್ದರು, ಉಸಿರು ಬಿಗಿಹಿಡಿದು.

ಆ ಹಗಲು ಹೇಗೆ ಕಳೆಯಿತೆಂದು ಸರಿಯಾಗಿ ನೆನಪಿಲ್ಲ. ವನಜಮ್ಮ ಮಾತಾಡಿದರು, ನಾನು ಉತ್ತರ ಕೊಟ್ಟೆ. ಮೊದಮೊದಲು ರಾಯರು ಬೆರಳಿನಿಂದಲೋ ತಲೆಯಿಂದಲೋ ಹೇಳಿಕೊಡುತ್ತಿದ್ದರು. ಆಮೇಲೆ ನಾನು ಅವರ ಕಡೆ ನೋಡುವುದು ಕಡಿಮೆಯಾಯಿತು. ಉತ್ತರ ತಾನಾಗಿ ಬರುತ್ತಿತ್ತು. ರಾಯರು ಹಿಂದೆ ದುಡಿಯುತ್ತಿದ್ದ ವಾಗ್ಳೆ ಎಸ್ಟೇಟಿನ ಕಂಪನಿಯ ಕ್ಯಾಂಟೀನಿನಲ್ಲಿ ಚಹಾ ಹೇಗಿರುತ್ತಿತ್ತು ಎಂದು ಅವರು ಕೇಳಿದಾಗ, ನಾನು ಹೇಳಿದೆ. ನಾನು ಆ ಕಂಪನಿಯ ಗೇಟನ್ನೂ ಕಂಡವನಲ್ಲ. ಕಣ್ಣಿದ್ದರೆ ವನಜಮ್ಮ ಆ ಕಿಟಕಿಯ ಹತ್ತಿರದ ಅಪರಿಚಿತನನ್ನು ಹೇಗೆ ನೋಡುತ್ತಿದ್ದರೋ, ರಾಯರು ನನ್ನನ್ನು ಹಾಗೆ ನೋಡಿದರು.

ಸಂಜೆ ವಾಸಣ್ಣ ಬಂದರು. ಒದ್ದೆ ಹತ್ತಿಯಲ್ಲಿ ಸುತ್ತಿದ ಸೆಟ್. ರಾಯರು ಎದ್ದು ಅಡುಗೆಮನೆಗೆ ಹೋದರು. ನಲ್ಲಿಯ ಶಬ್ದ ಕೇಳಿತು, ಆಮೇಲೆ ಏನೂ ಕೇಳಲಿಲ್ಲ. ಕೆಳಗೆ ಗಾಡಿಯವನು ಹಾರ್ನ್ ಹೊಡೆದ. ಸುಜಾತ ಕಿಟಕಿಯಿಂದ ಅವನಿಗೆ ತಡಿ ಎಂದು ಕೈ ತೋರಿಸಿದಳು.

ರಾಯರು ಬಾಗಿಲಲ್ಲಿ ನಿಂತರು. ನಾನು ಮಾತು ನಿಲ್ಲಿಸಿದೆ.

"ವನಜಾ" ಅಂದರು. ಶಿಳ್ಳೆಯಿಲ್ಲ, ಟಕ್ ಎನ್ನುವುದಿಲ್ಲ. "ಗ್ಯಾಸ್ ಬಂದ್ ಮಾಡಿದೆ. ಎರಡು ಸಲ ನೋಡಿದೆ."

ವನಜಮ್ಮ ಆ ಕಡೆ ಮುಖ ಎತ್ತಿದರು. ಇನ್ನೊಂದು ಮಾತು ಹೇಳಿ ಅಂದರು. ರಾಯರು, ಗಂಜಿಗೆ ಉಪ್ಪು ಸರಿಯಿತ್ತಾ ಎಂದು ಕೇಳಿದರು. ಅವರಿಗೆ ಮತ್ತೇನೂ ತೋಚಲಿಲ್ಲ ಅಂತ ಕಾಣುತ್ತದೆ. ವನಜಮ್ಮ ಬಲಗೈಯನ್ನು ಅವರ ಕಡೆ ಚಾಚಿದರು. ಬೆಳಿಗ್ಗೆಯಿಂದ ನನ್ನ ಮಣಿಕಟ್ಟಿನ ಮೇಲಿದ್ದ ಎಡಗೈ ನಿಧಾನ ಸಡಿಲವಾಯಿತು. ಬೆರಳುಗಳು ಒಮ್ಮೆ ನನ್ನ ಚರ್ಮವನ್ನು ತಡಕಿ ನೋಡಿದವು, ಆಮೇಲೆ ಬಿಸಿ ಪಾತ್ರೆ ಮುಟ್ಟಿದಂತೆ ಹಿಂದೆ ಸರಿದವು. ರಾಯರು ಬಂದು ಮಂಚದ ಮೇಲೆ ಕೂತರು. ವನಜಮ್ಮ ಅವರ ಅಂಗಿ ಹಿಡಿದುಕೊಂಡು ಕಿವಿಯ ಹತ್ತಿರ ಬಾಯಿ ತಂದರು. ಖೋಲಿಯಲ್ಲಿದ್ದ ಎಲ್ಲರಿಗೂ ಕೇಳಿತು.

"ನಿಮ್ಮ ಹಾಗೆಯೇ ಮಾತಾಡುವವನೊಬ್ಬ ಇಲ್ಲಿ ಕೂತಿದ್ದಾನೆ. ಬೆಳಿಗ್ಗೆಯಿಂದ ಇದ್ದಾನೆ. ಕಳಿಸಿಬಿಡಿ."

ರಾಯರು ನನ್ನನ್ನು ನೋಡಿದರು. ಅವರ ಕಣ್ಣು ತುಂಬಿತ್ತು. ಆದರೂ ಹೇಳಿದರು, ಹೋಗು. ಅದೇ ದನಿಯಲ್ಲಿ.

ನಾನು ಸ್ಟೂಲು ಸದ್ದಾಗದಂತೆ ಎದ್ದೆ. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲಿಳಿದೆ. ನನಗಿಂತ ಮೊದಲೇ ಇಳಿದಿದ್ದ ಸುಜಾತ ಕೆಳಗೆ ಗಾಡಿಯವನಿಗೆ ಬಾಡಿಗೆ ಕೊಟ್ಟು, ಬೇಡ, ಹೋಗು ಅನ್ನುತ್ತಿದ್ದಳು. ನನಗೆ ಕೈಮುಗಿದಳು. ನಾನೂ ಮುಗಿದೆ. ಬಾಯಿ ತೆರೆಯಲಿಲ್ಲ.

ಡೊಂಬಿವಲಿ ಸ್ಟೇಷನ್ನಿನ ಸೇತುವೆ ಹತ್ತುವಾಗ ಜೇಬಿನಲ್ಲಿ ಫೋನು ಅದುರಿತು. ಅಮ್ಮ. ಬೆಳಿಗ್ಗೆ ಹೋದವನು ಎಲ್ಲಿದ್ದೀ, ಊಟ ಆಯಿತಾ ಎಂದು ಕೇಳಿದಳು. ಸುತ್ತ ಭಾನುವಾರದ ಜನ, ಕೆಳಗೆ ಗಾಡಿ ಬರುವ ಸದ್ದು. ನಾನು ಗಂಟಲು ಸರಿಮಾಡಿಕೊಂಡೆ. ಅಮ್ಮಾ, ಬರ್ತಾ ಇದ್ದೇನೆ, ಅಂದೆ.

ಕೆಳಗೆ ಲೋಕಲ್ ಬಂದು ನಿಂತಿತು.

"ಯಾರು ಮಾತಾಡುವುದು?" ಅಂದಳು ಅಮ್ಮ.